ನನಗೆ ವೋಟಿಲ್ಲ, ಆದರೂ ನಿಮ್ಮ ಲೆಕ್ಕದಲ್ಲಿ ನಾನಿದ್ದೇನೆ

ಗೆ,
ಟೆಕ್ಸಸ್‌ನ ನಮ್ಮ ಕ್ಷೇತ್ರದ ಪ್ರತಿನಿಧಿಗಳು,
ಅಮೆರಿಕದ ಕಾಂಗ್ರೆಸ್, ವಾಷಿಂಗ್ಟನ್

ಮಾನ್ಯರೇ,

ನಮಸ್ಕಾರ. ಈ ಪತ್ರವನ್ನು ಮೊದಲು ಇಂಗ್ಲಿಷಿನಲ್ಲೇ ಬರೆದು ನಿಮ್ಮ ಕಚೇರಿಗೆ ಕಳಿಸಿದ್ದೆ. ಐದಾರು ವಾರ ಕಳೆದ ಮೇಲೆ ಉತ್ತರ ಬಂತು. ಕಾಗದ ಬರೆದದ್ದಕ್ಕೆ ಧನ್ಯವಾದ, ತೆರಿಗೆ ವಿಷಯದಲ್ಲಿ ನನ್ನ ನಿಲುವು ಹೀಗಿದೆ, ಅಂತ. ನಾನು ಬರೆದಿದ್ದು ಚಂಡಮಾರುತದ ಬಗ್ಗೆ. ತೆರಿಗೆ ಅನ್ನೋ ಪದವೇ ಅದರಲ್ಲಿರಲಿಲ್ಲ. ಯಾರದೋ ಉತ್ತರ ನನಗೆ ಬಂದಿರಬೇಕು. ನನಗೆ ಬರಬೇಕಾದದ್ದು ಯಾರ ಮನೆಗೆ ಹೋಯಿತೋ, ಅವರಾದರೂ ಓದಿರಲಿ.

ಇಂಗ್ಲಿಷಿನಲ್ಲಿ ಬರೆದರೂ ಓದೋರಿಲ್ಲ ಅಂದಮೇಲೆ ಕನ್ನಡದಲ್ಲಿ ಬರೆದರೆ ನಷ್ಟ ಏನು? ಕಡೇಪಕ್ಷ ಹ್ಯೂಸ್ಟನ್ ಸುತ್ತಲಿನ ನಮ್ಮವರು ಓದುತ್ತಾರೆ. ನ್ಯೂಜೆರ್ಸಿ, ಫ್ಲಾರಿಡಾ, ನಾರ್ತ್ ಕ್ಯಾರೊಲೈನಾದಲ್ಲಿ ಇರುವ ಕನ್ನಡದವರು ಓದುತ್ತಾರೆ. ಅವರ ಪಾಲಿಗೂ ಒಂದೊಂದು ಚಂಡಮಾರುತ ಬಂದು ಹೋಗಿದೆ. ಊರಲ್ಲಿ ಅಪ್ಪ ಓದುತ್ತಾರೆ. (ಅಪ್ಪಾ, ಮತ್ತೆ ಹೇಳ್ತೀನಿ, ಇಲ್ಲಿ ಕಾಂಗ್ರೆಸ್ ಅಂದರೆ ಪಕ್ಷ ಅಲ್ಲ, ಪಾರ್ಲಿಮೆಂಟು.)

ನಾನು ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ. ನಾನು ನಿಮ್ಮ ಮತದಾರ ಅಲ್ಲ. ಎಚ್1ಬಿ ವೀಸಾದಲ್ಲಿ ಇರುವವನು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ಹತ್ತು ವರ್ಷದ ಮೇಲಾಯಿತು. ಇಂಡಿಯಾದಲ್ಲಿ ಹುಟ್ಟಿದವರ ಸಾಲು ಎಷ್ಟು ಉದ್ದ ಅಂತ ನಿಮಗೆ ನಾನು ಹೇಳಬೇಕಿಲ್ಲ, ಆ ಕಾನೂನು ಮಾಡುವವರು ನೀವೇ ತಾನೇ. ವೋಟಿಲ್ಲದಿದ್ದರೂ ನಾನು ನಿಮ್ಮ ಲೆಕ್ಕದಲ್ಲಿ ಇದ್ದೇನೆ. 2020ರ ಜನಗಣತಿ ಆದಮೇಲೆ ಪ್ರತಿನಿಧಿ ಸಭೆಯ ಒಂದು ಸೀಟಿಗೆ ಸರಾಸರಿ 7.6 ಲಕ್ಷ ಜನ ಅಂತ ಲೆಕ್ಕ ಹಾಕಿದರು. ಆ ಲೆಕ್ಕದಲ್ಲಿ ವೋಟಿದ್ದವರು ಮಾತ್ರ ಬರೋದಿಲ್ಲ. ತೊಟ್ಟಿಲಲ್ಲಿರೋ ಮಗು, ವೀಸಾದವರು, ಎಲ್ಲರೂ ಬರುತ್ತಾರೆ. ಟೆಕ್ಸಸ್‌ಗೆ ಆಗ 2 ಸೀಟು ಜಾಸ್ತಿ ಸಿಕ್ಕಿ 38 ಆಯಿತು. ಅದರಲ್ಲಿ ನಮ್ಮ ಮನೆಯ ಮೂರು ತಲೆಯ ಪಾಲೂ ಇದೆ. ಸೀಟು ಎಣಿಸುವಾಗ ನಾವು ಬೇಕು ಅಂದಮೇಲೆ ನೀರು ಬಂದಾಗಲೂ ಬೇಕು ಅಲ್ವಾ? ಈ ಪತ್ರ ಬರೆಯೋಕೆ ನನಗಿರುವ ಹಕ್ಕು ಅಷ್ಟೇ.

ಈಗ ನೀರಿನ ವಿಷಯ.

ಹಾರ್ವಿ ಚಂಡಮಾರುತ 2017ರ ಆಗಸ್ಟ್ 25ರ ರಾತ್ರಿ ರಾಕ್‌ಪೋರ್ಟ್ ಹತ್ತಿರ ದಡ ಮುಟ್ಟಿತು. ಅದು ನಮ್ಮಿಂದ ಎಷ್ಟೋ ದೂರ. ಗಾಳಿ ನಮಗೆ ತಾಗಲೇ ಇಲ್ಲ ಅಂದರೂ ಆದೀತು. ಆದರೆ ಆ ಮೋಡ ಹ್ಯೂಸ್ಟನ್ ಮೇಲೆ ಬಂದು ಕೂತುಬಿಟ್ಟಿತು, ಬೇಡದ ನೆಂಟನ ಹಾಗೆ. ಪೂರ್ವಕ್ಕಿರುವ ನೀಡರ್‌ಲ್ಯಾಂಡ್ ಅನ್ನೋ ಊರಲ್ಲಿ 60 ಇಂಚಿಗೂ ಜಾಸ್ತಿ ಮಳೆ ಸುರಿಯಿತು. ನಾನು ಬಾಗಲಕೋಟೆ ಜಿಲ್ಲೆಯವನು. ನಮ್ಮ ಕಡೆ ಎರಡು ವರ್ಷ ಸೇರಿಸಿದರೂ ಅಷ್ಟು ಮಳೆ ಬೀಳೋದಿಲ್ಲ.

ನಮ್ಮ ಮನೆ ಇರೋದು ಹ್ಯೂಸ್ಟನ್ನಿನ ಪಶ್ಚಿಮಕ್ಕೆ, ಕೇಟಿ ಕಡೆ, ಬಾರ್ಕರ್ ಅಣೆಕಟ್ಟಿನ ಹಿಂದೆ. ಅಣೆಕಟ್ಟು ಅಂದರೆ ನಮ್ಮ ಕಡೆಯ ಕಲ್ಲಿನ ಗೋಡೆ ನೆನಪಿಸಿಕೊಳ್ಳಬೇಡಿ. ಇದು ಉದ್ದನೆಯ ಮಣ್ಣಿನ ಏರಿ. 1940ರ ದಶಕದಲ್ಲಿ ಸೈನ್ಯದ ಎಂಜಿನಿಯರುಗಳು ಕಟ್ಟಿದ್ದು, ಹ್ಯೂಸ್ಟನ್ ಪಟ್ಟಣ ಮುಳುಗದಿರಲಿ ಅಂತ. ವರ್ಷವಿಡೀ ಒಣಗಿರುತ್ತದೆ, ಒಳಗೆ ಪಾರ್ಕು, ಸೈಕಲ್ ದಾರಿ, ಜಿಂಕೆ. ಮಳೆ ಜೋರಾದಾಗ ಗೇಟು ಹಾಕಿ ನೀರು ನಿಲ್ಲಿಸುತ್ತಾರೆ. ಆದರೆ ನೀರು ಎಲ್ಲಿಯವರೆಗೆ ನಿಲ್ಲಬಹುದೋ ಅಷ್ಟೂ ಜಾಗವನ್ನು ಸರ್ಕಾರ ಕೊಂಡಿರಲಿಲ್ಲ. ಉಳಿದ ಜಾಗ ಖಾಸಗಿಯವರ ಕೈಯಲ್ಲೇ ಇತ್ತು, ಮುಂದೆ ಅಲ್ಲಿ ಬಡಾವಣೆಗಳು ಎದ್ದವು. ಒಳ್ಳೆ ಸ್ಕೂಲು, ಅಗಲವಾದ ರಸ್ತೆ, ಹತ್ತಿರದಲ್ಲೇ ಇಂಡಿಯನ್ ಅಂಗಡಿ. ನಾವೂ ಕೊಂಡೆವು.

ನೋಡಿ, ಮುಳುಗಡೆ ಅನ್ನೋ ಪದ ಕೇಳುತ್ತಲೇ ಬೆಳೆದವನು ನಾನು. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು. ನವನಗರ ಎದ್ದಿದ್ದೇ ಅದಕ್ಕೆ. ನಮ್ಮ ಕಡೆ ಹೆಣ್ಣು ಕೊಡುವಾಗಲೂ ಹೊಲ ಮುಳುಗಡೆಗೆ ಬರ್ತದೇನ್ರೀ ಅಂತ ಕೇಳಿಯೇ ಮುಂದಿನ ಮಾತು. ಅಂಥ ಊರಿನವನು ಏಳು ಸಮುದ್ರ ದಾಟಿ ಬಂದು, ಮೂವತ್ತು ವರ್ಷದ ಸಾಲ ಮಾಡಿ, ಮುಳುಗಡೆ ಜಾಗದಲ್ಲೇ ಮನೆ ಕೊಂಡೆ. ಯಾರೂ ಹೇಳಲಿಲ್ಲ. ಮನೆ ತೋರಿಸಿದವರು ಹೇಳಲಿಲ್ಲ, ಸಾಲ ಕೊಟ್ಟವರು ಹೇಳಲಿಲ್ಲ. ಪ್ರವಾಹದ ವಿಮೆ ಬೇಕಾ ಅಂತ ಕೇಳಿದ್ದಕ್ಕೆ, ನೀವು ಪ್ರವಾಹದ ನಕ್ಷೆಯ ಗೆರೆಯಿಂದ ಹೊರಗಿದ್ದೀರಿ, ಸುಮ್ನೆ ಯಾಕೆ ದುಡ್ಡು ದಂಡ ಅಂದರು. ಇಲ್ಲಿನ ಬಡಾವಣೆಗಳ ನಕಾಶೆಯ ಮೂಲೆಯಲ್ಲಿ ಒಂದು ಸಾಲು ಇರುತ್ತದಂತೆ, ಈ ಜಾಗ ದೀರ್ಘಕಾಲದ ನಿಯಂತ್ರಿತ ಮುಳುಗಡೆಗೆ ಒಳಪಡಬಹುದು ಅಂತ. ನೀರು ಬಂದು ಹೋದ ಮೇಲೆ ಅದನ್ನು ಹುಡುಕಿ ಓದಿದೆ. ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ತುಸು ಹೊತ್ತು ಸುಮ್ಮನಿದ್ದರು. ಆಮೇಲೆ, "ಅಲ್ಲೋ, ನಮಗ ನೋಟೀಸರ ಕೊಟ್ಟಿದ್ರಲ್ಲೋ" ಅಂದರು.

ಮಂಗಳವಾರ ಮಳೆ ಕಡಿಮೆಯಾಯಿತು. ಬಚಾವಾದೆವು ಅಂದುಕೊಂಡೆವು. ನೀರು ಬಂದಿದ್ದು ಆಮೇಲೆ. ಆಕಾಶದಿಂದ ಅಲ್ಲ, ರಸ್ತೆಯ ಚರಂಡಿಯ ಬಾಯಿಂದ, ಹಿಂದು ಹಿಂದಕ್ಕೆ. ಹೊಸ್ತಿಲು ದಾಟಿ ಒಳಗೆ ಬಂದಾಗ ಸದ್ದೇ ಇರಲಿಲ್ಲ. ಮಗಳು ಮೆಟ್ಟಿಲ ಮೇಲೆ ಕೂತು ತನ್ನ ಚಪ್ಪಲಿ ತೇಲೋದನ್ನು ನೋಡುತ್ತಿದ್ದಳು, ಅವಳಿಗೆ ಆಗ ನಾಲ್ಕು ವರ್ಷ. ನಮ್ಮನ್ನು ಹೊರಗೆ ತಂದವರು ಲೂಸಿಯಾನಾದಿಂದ ಮೀನು ಹಿಡಿಯೋ ದೋಣಿ ಎಳೆದುಕೊಂಡು ಬಂದಿದ್ದ ಇಬ್ಬರು. ಹೆಸರು ಕೇಳೋಕೂ ಆಗಲಿಲ್ಲ. ವೀಸಾ ಯಾವುದು ಅಂತ ಅವರೂ ಕೇಳಲಿಲ್ಲ. ಕನ್ನಡ ಕೂಟದ ಗೆಳೆಯರೊಬ್ಬರ ಮನೆಯ ಮಾಳಿಗೆಯಲ್ಲಿ ಮೂರು ಸಂಸಾರ, ದಿನಾ ಚಿತ್ರಾನ್ನ. ಮನೆಯೊಳಗೆ ನೀರು ಹನ್ನೊಂದು ದಿನ ನಿಂತಿತ್ತು. ತಿರುಗಿ ಬಂದು ಬಾಗಿಲು ತೆರೆದಾಗ ಬಂದ ವಾಸನೆ ಈಗಲೂ ಒಮ್ಮೊಮ್ಮೆ ಮೂಗಿಗೆ ಬರುತ್ತದೆ. ಗೋಡೆಯ ಶೀಟ್‌ರಾಕ್ ಹಲಗೆಗಳನ್ನು ಎದೆಮಟ್ಟದವರೆಗೆ ಕಿತ್ತು ರಸ್ತೆಗೆ ಹಾಕಿದೆವು. ಬೀದಿಯುದ್ದಕ್ಕೂ ಪ್ರತಿ ಮನೆಯ ಮುಂದೆ ಒಂದೊಂದು ಗುಡ್ಡೆ.

ಪರಿಹಾರಕ್ಕೆ ಅರ್ಜಿ ಹಾಕಿದೆ. ತಿರಸ್ಕಾರ ಬಂತು. ನಿಯಮ ಓದಿದರೆ ಗೊತ್ತಾಗುತ್ತದೆ, ಕೇಂದ್ರದ ನಗದು ಪರಿಹಾರ ನಾಗರಿಕರಿಗೆ, ಗ್ರೀನ್ ಕಾರ್ಡಿನವರಿಗೆ ಮತ್ತು ಆಶ್ರಯ ಪಡೆದವರಂಥ ಕೆಲವರಿಗೆ ಮಾತ್ರ. ಎಚ್1ಬಿಯವರಿಗೆ ಇಲ್ಲ. ತೆರಿಗೆ ಮಾತ್ರ ಎಲ್ಲರ ಹಾಗೇ ಕಟ್ಟಬೇಕು. ಆದರೆ ಅದೇ ನಿಯಮದಲ್ಲಿ ಒಂದು ಕಿಂಡಿ ಇದೆ. ಮನೆಯಲ್ಲಿ ನಾಗರಿಕ ಮಗು ಇದ್ದರೆ ಅದರ ಹೆಸರಲ್ಲಿ ಅಪ್ಪ ಅಮ್ಮ ಅರ್ಜಿ ಹಾಕಬಹುದು. ಇದನ್ನು ನನಗೆ ಹೇಳಿದ್ದು ಇಲಾಖೆಯ ಫೋನಿನವರಲ್ಲ, ನಮ್ಮ ಕಾಂಗ್ರೆಸ್ ಸದಸ್ಯರ ಸ್ಥಳೀಯ ಕಚೇರಿಯಲ್ಲಿದ್ದ ಒಬ್ಬ ಹುಡುಗಿ. ಅಲ್ಲಿಗೆ ಹೆಚ್ಚು ನಿರೀಕ್ಷೆ ಇಲ್ಲದೆ ಹೋಗಿದ್ದೆ, ಯಾರೋ ಹೇಳಿದರು ಅಂತ. ಆಗ ಆ ಕುರ್ಚಿಯಲ್ಲಿ ಇದ್ದವರು ನೀವಲ್ಲ. ಹಾಗಾಗಿ ಈ ಹೊಗಳಿಕೆ ನಿಮಗೆ ಸೇರೋದಿಲ್ಲ, ಮುಂದಿನ ಬೈಗುಳವೂ ಪೂರ್ತಿ ನಿಮ್ಮದಲ್ಲ.

ಊರಲ್ಲಿ ಶಾಸಕರ ಮನೆ ಮುಂದೆ ಬೆಳಗ್ಗೆ ಏಳಕ್ಕೇ ಜನ ಸೇರುತ್ತಾರೆ. ಕೈಯಲ್ಲಿ ಅರ್ಜಿ, ಬಾಯಲ್ಲಿ ಸಾಹೇಬ್ರ ಒಂದು ಫೋನ್ ಮಾಡಿದರೆ ಸಾಕು ಅನ್ನೋ ಮಾತು. ಅಮೆರಿಕದಲ್ಲಿ ಇದೆಲ್ಲ ಇರೋದಿಲ್ಲ ಅಂದುಕೊಂಡಿದ್ದೆ. ಇದೆ. ಎಸಿ ಇದೆ, ಟೋಕನ್ ಇದೆ, ಕಾಫಿ ಮಷೀನ್ ಇದೆ, ಅಷ್ಟೇ ವ್ಯತ್ಯಾಸ. ಹೇರ್‌ಕಟ್ಟಿನ ಅಂಗಡಿ, ಪಿಜ್ಜಾ ಅಂಗಡಿ ನಡುವೆ ಒಂದು ಸಣ್ಣ ಕಚೇರಿ. ಸದಸ್ಯರು ಅಲ್ಲಿರೋದಿಲ್ಲ. ಈ ಹುಡುಗಿಯಂಥವರು ಇರುತ್ತಾರೆ, ಇವರಿಗೆ ಕೇಸ್‌ವರ್ಕರ್ ಅನ್ನುತ್ತಾರೆ. ಇಲಾಖೆಗೆ ಆಜ್ಞೆ ಮಾಡುವ ಅಧಿಕಾರ ಇವರಿಗಿಲ್ಲ. ಈ ಅರ್ಜಿ ಎಲ್ಲಿಗೆ ಬಂತು ಅಂತ ಕೇಳಬಹುದು. ಆದರೆ ಕಾಂಗ್ರೆಸ್ ಕಚೇರಿಯಿಂದ ಕೇಳಿದರೆ ಇಲಾಖೆಯವರು ಉತ್ತರ ಕೊಡುತ್ತಾರೆ, ನಾನು ಕೇಳಿದರೆ ಸಂಗೀತ ಕೇಳಿಸುತ್ತಾರೆ.

ಎರಡನೇ ಅರ್ಜಿ ಮಗಳ ಹೆಸರಲ್ಲಿ ಹೋಯಿತು. ಅದೂ ತಿರುಗಿ ಬಂತು. ಅರ್ಜಿದಾರರ ಗುರುತು ಖಾತ್ರಿಯಾಗಲಿಲ್ಲ ಅಂತ. ನಾಲ್ಕು ವರ್ಷದವಳಿಗೆ ಎಲ್ಲಿಯ ಬ್ಯಾಂಕ್ ಸಾಲ, ಎಲ್ಲಿಯ ಕರೆಂಟ್ ಬಿಲ್ಲು? ಮತ್ತೆ ಅದೇ ಕಚೇರಿಗೆ ಹೋದೆ. ಈ ಸಲ ಮಗಳೂ ಜೊತೆಗಿದ್ದಳು. ಕೇಸ್‌ವರ್ಕರ್ ನಿಮ್ಮ ಪರವಾಗಿ ವಿಚಾರಿಸಬೇಕು ಅಂದರೆ ಒಂದು ಒಪ್ಪಿಗೆ ಪತ್ರ ಬೇಕು. ಖಾಸಗಿ ಮಾಹಿತಿಯನ್ನು ಕಾಯುವ 1974ರ ಕಾನೂನು ಅದು. ಅರ್ಜಿದಾರರ ಸಹಿ ಅಂತ ಇದ್ದ ಜಾಗದಲ್ಲಿ ಅವಳ ಪರವಾಗಿ ನಾನು ಸಹಿ ಹಾಕಿದೆ. ಅವಳ ಹೆಸರಿದ್ದ ಕಾಗದ ಅಂತ ಗೊತ್ತಾಗಿ, ನಾನು ಪೆನ್ನು ಕೆಳಗಿಡೋದರೊಳಗೆ ಪಕ್ಕದಲ್ಲಿ ಒಂದು ಆಮೆ ಬರೆದುಬಿಟ್ಟಳು. ಹೊಸ ಫಾರಂ ಕೊಡಿ ಅಂದೆ. ಆ ಹುಡುಗಿ ನಕ್ಕು, ಬೇಡ, ಆಮೆ ಇರಲಿ, ನಿಮ್ಮ ಫೈಲಿಗೆ ಇದಕ್ಕಿಂತ ಒಳ್ಳೆ ಗುರುತು ಬೇಡ ಅಂದಳು. ಫ್ಯಾಕ್ಸ್ ಆಮೆ ಸಮೇತ ಹೋಯಿತು. ಮೂರು ವಾರದಲ್ಲಿ ಇನ್‌ಸ್ಪೆಕ್ಟರ್ ಮನೆಗೆ ಬಂದ.

ಬಂದ ದುಡ್ಡು ನಮ್ಮ ನಷ್ಟದ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಆ ವರ್ಷ ಒಂದು ಮನೆಗೆ ಕೊಡಬಹುದಾಗಿದ್ದ ಗರಿಷ್ಠ ಮೊತ್ತವೇ 33,300 ಡಾಲರ್, ಹೆಚ್ಚಿನವರಿಗೆ ಅದರ ಹತ್ತಿರವೂ ಸಿಗಲಿಲ್ಲ. ಇರಲಿ. ಆ ಹುಡುಗಿ ಮಾಡಿದ್ದು ಕೆಲಸ. ನಾನು ವೋಟು ಹಾಕೋದಿಲ್ಲ ಅಂತ ಗೊತ್ತಿದ್ದೂ ಮಾಡಿದ ಕೆಲಸ.

ಇನ್ನು ವಾಷಿಂಗ್ಟನ್ನಿನ ಕಡೆಯ ಕೆಲಸ. ಅಲ್ಲಿಂದಲೇ ನನ್ನ ತಕರಾರು ಶುರು.

ಹಾರ್ವಿಗೂ ಐದು ವರ್ಷ ಮುಂಚೆ, 2012ರ ಅಕ್ಟೋಬರ್ 29ರಂದು ಸ್ಯಾಂಡಿ ನ್ಯೂಜೆರ್ಸಿಗೆ ಬಡಿಯಿತು. 2005ರಲ್ಲಿ ಕತ್ರೀನಾ ಬಂದಾಗ ಕಾಂಗ್ರೆಸ್ ಹತ್ತು ಹನ್ನೊಂದು ದಿನದಲ್ಲಿ ಎರಡು ಮಸೂದೆ ಮಾಡಿ 6,200 ಕೋಟಿ ಡಾಲರಿಗೂ ಜಾಸ್ತಿ ಕೊಟ್ಟಿತ್ತು. ಸ್ಯಾಂಡಿಯ ದೊಡ್ಡ ಮಸೂದೆಗೆ ಸಹಿ ಬಿದ್ದಿದ್ದು 2013ರ ಜನವರಿ 29ಕ್ಕೆ, ಸರಿಯಾಗಿ ಮೂರು ತಿಂಗಳ ಮೇಲೆ. ನಡುವೆ ಹೊಸ ವರ್ಷದ ದಿನ ಸ್ಪೀಕರ್ ಬೇನರ್ ಮತದಾನವನ್ನೇ ಕೈಬಿಟ್ಟಿದ್ದರು. ನ್ಯೂಜೆರ್ಸಿಯ ಗವರ್ನರ್ ಕ್ರಿಸ್ಟಿ ಅವರದೇ ಪಕ್ಷದವರು, ಬಹಿರಂಗವಾಗಿ ಬೈದರು. ಕೊನೆಗೆ ಜನವರಿ 15ರಂದು ಮಸೂದೆ 241ಕ್ಕೆ 180 ಮತದಿಂದ ಪಾಸಾಯಿತು. ಟೆಕ್ಸಸ್‌ನ ರಿಪಬ್ಲಿಕನ್ ಸದಸ್ಯರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬೇಡ ಅಂದವರು. ಹ್ಯೂಸ್ಟನ್ನಿನ ಜಾನ್ ಕಲ್ಬರ್ಸನ್ ಮಾತ್ರ ಹೂಂ ಅಂದರು. ಸೆನೆಟ್‌ನಲ್ಲಿ ನಮ್ಮ ಇಬ್ಬರೂ, ಕಾರ್ನಿನ್ ಮತ್ತು ಕ್ರೂಜ್, ವಿರುದ್ಧ. ಸಂಬಂಧವಿಲ್ಲದ ಖರ್ಚು ತುರುಕಿದ್ದಾರೆ ಅನ್ನೋದು ಅವರ ಕಾರಣ.

ಐದು ವರ್ಷ ಕಳೆಯೋದರೊಳಗೆ ನೀರು ನಮ್ಮ ಹೊಸ್ತಿಲಿಗೆ ಬಂತು. ಆಗ ನ್ಯೂಯಾರ್ಕಿನ ಸದಸ್ಯ ಪೀಟರ್ ಕಿಂಗ್ ಸ್ಯಾಂಡಿ ಕಾಲದ ಹಳೇ ಸಿಟ್ಟು ನೆನಪಿಸಿದರು. ಆದರೂ ಟೆಕ್ಸಸ್ ಕೈಬಿಡೋದಿಲ್ಲ, ಪರವಾಗಿಯೇ ಮತ ಹಾಕ್ತೀನಿ ಅಂದರು. 2017ರ ಸೆಪ್ಟೆಂಬರ್ 8ಕ್ಕೆ 1,525 ಕೋಟಿ ಡಾಲರಿನ ಮಸೂದೆ ಪ್ರತಿನಿಧಿ ಸಭೆಯಲ್ಲಿ 316ಕ್ಕೆ 90ರಿಂದ ಪಾಸಾಗಿ ಅದೇ ದಿನ ಸಹಿಯೂ ಆಯಿತು. ಹಾರ್ವಿ ದಡ ಮುಟ್ಟಿ ಬರೀ ಎರಡು ವಾರ. ವಿರುದ್ಧ ಬಿದ್ದ 90 ಮತದಲ್ಲಿ 4 ನಮ್ಮ ಟೆಕ್ಸಸ್‌ನವರದೇ. ದೇಶದ ಸಾಲದ ಮಿತಿಯನ್ನು ಅದಕ್ಕೆ ಕಟ್ಟಿದ್ದರು, ಅದಕ್ಕೇ ಒಪ್ಪಲಿಲ್ಲ ಅಂದರು. ಇರಬಹುದು, ಸುಳ್ಳು ಅನ್ನೋದಿಲ್ಲ. ಆದರೆ ನನ್ನ ಹೆಂಡತಿ ಆ ದಿನಗಳಲ್ಲಿ ನೆಂದ ಹಾಸಿಗೆ ಹೊರಗೆ ಎಳೆಯುತ್ತಿದ್ದಳು. ಸಾಲದ ಮಿತಿ ಅಂದರೆ ಅವಳಿಗೆ ನಮ್ಮ ಕ್ರೆಡಿಟ್ ಕಾರ್ಡಿನದು.

ನೀವು ಹೇಳಬಹುದು, ಅದೆಲ್ಲ ಹಳೇ ಕತೆ ಅಂತ. 2024ರ ಸೆಪ್ಟೆಂಬರ್ ಕೊನೆಗೆ ಹೆಲೀನ್ ಬಂತು. ನಾರ್ತ್ ಕ್ಯಾರೊಲೈನಾದ ಗುಡ್ಡದ ಊರುಗಳು ಕೊಚ್ಚಿ ಹೋದವು. ವಿಪತ್ತಿನಲ್ಲಿ ಮನೆ, ಅಂಗಡಿ ಕಳಕೊಂಡವರಿಗೆ ಸಾಲ ಕೊಡುವ ಸರ್ಕಾರಿ ಸಂಸ್ಥೆಯ ಗಲ್ಲಾ ಅಕ್ಟೋಬರ್ ನಡುವಿಗೇ ಖಾಲಿಯಾಯಿತು. ಎದುರಿಗೆ ಚುನಾವಣೆ. ಸಭೆ ಕರೆಯಲಿಲ್ಲ. ದುಡ್ಡು ಮಂಜೂರಾಗಿದ್ದು ಡಿಸೆಂಬರ್ ಮೂರನೇ ವಾರ. ಆ ಎರಡು ತಿಂಗಳು ಅರ್ಜಿ ಹಾಕಿದವರು ಏನು ಮಾಡಬೇಕಿತ್ತು? ಆ ಮಸೂದೆಗೂ 34 ಜನ ಬೇಡ ಅಂದರು.

ಒಂದೇ ಪಕ್ಷವನ್ನು ಬೈಯೋಕೆ ಬಂದವನಲ್ಲ ನಾನು. ಅದೇ ಶರತ್ಕಾಲದಲ್ಲಿ, ಇನ್ನೊಂದು ಪಕ್ಷದ ಆಡಳಿತವಿದ್ದಾಗ, ಫ್ಲಾರಿಡಾದಲ್ಲಿ ಮಿಲ್ಟನ್ ಚಂಡಮಾರುತದ ಪರಿಹಾರಕ್ಕೆ ಹೋದ ಒಬ್ಬ ಸರ್ಕಾರಿ ನೌಕರರು ಟ್ರಂಪ್ ಬೋರ್ಡಿರುವ ಮನೆಗಳನ್ನು ಬಿಟ್ಟು ಹೋಗಿ ಅಂತ ತಮ್ಮ ತಂಡಕ್ಕೆ ಹೇಳಿದ್ದು ಬಯಲಾಗಿ ಕೆಲಸ ಕಳಕೊಂಡರು. ಓದಿ ಮೈ ಉರಿಯಿತು. ನಮ್ಮ ಬೀದಿಯಲ್ಲಿ ಹಾರ್ವಿ ಹೊತ್ತಲ್ಲಿ ಜನರೇಟರ್ ಕೊಟ್ಟವರ ಮನೆ ಮುಂದೆ ಆ ಬೋರ್ಡ್ ಈಗಲೂ ಇದೆ. ಇಡ್ಲಿ ಮಾಡಿದ ದಿನ ಅವರಿಗೆ ಒಂದು ಡಬ್ಬಿ ಹೋಗುತ್ತದೆ.

ಟೆಕ್ಸಸ್ ಒಳಗಿನ ಕತೆಯೂ ಹಾಗೇ. ಹಾರ್ವಿ ಆದಮೇಲೆ, ಮುಂದಿನ ಪ್ರವಾಹ ತಡೆಯೋಕೆ ಅಂತ ಕೇಂದ್ರದಿಂದ ಬಂದ ದೊಡ್ಡ ಮೊತ್ತವನ್ನು ಹಂಚೋ ಕೆಲಸ ರಾಜ್ಯದ ಜನರಲ್ ಲ್ಯಾಂಡ್ ಆಫೀಸಿಗೆ ಸಿಕ್ಕಿತು. 2021ರ ಮೇ ತಿಂಗಳಲ್ಲಿ ಮೊದಲ ಸುತ್ತಿನ ಸುಮಾರು 100 ಕೋಟಿ ಡಾಲರಿನ ಪಟ್ಟಿ ಬಂತು. ಹ್ಯೂಸ್ಟನ್ ನಗರಕ್ಕೆ ಸೊನ್ನೆ. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಗೆ ಸೊನ್ನೆ. ಜಾಸ್ತಿ ಮುಳುಗಿದ ಊರಿಗೇ ಸೊನ್ನೆ! ಮುಂದಿನ ವರ್ಷ ಕೇಂದ್ರದ ವಸತಿ ಇಲಾಖೆ ಈ ಹಂಚಿಕೆಯಲ್ಲಿ ತಾರತಮ್ಯ ಆಗಿದೆ ಅಂತ ಹೇಳಿತು. ಇತ್ತ ಹ್ಯಾರಿಸ್ ಕೌಂಟಿಯ ಜನ ಕೂತು ಕಾಯಲಿಲ್ಲ. ಹಾರ್ವಿಯ ಮೊದಲ ವರ್ಷ ತುಂಬಿದ ದಿನವೇ, 2018ರ ಆಗಸ್ಟ್ 25ರಂದು, 250 ಕೋಟಿ ಡಾಲರಿನ ಬಾಂಡಿಗೆ ದೊಡ್ಡ ಬಹುಮತದಿಂದ ಒಪ್ಪಿಗೆ ಕೊಟ್ಟು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡರು. ತೆರಿಗೆ ಬಗ್ಗೆ ನೀವು ಮುಂದೆ ಯಾರಿಗಾದರೂ ಉತ್ತರ ಬರೆಯುವಾಗ ಇದನ್ನೂ ಒಂದು ಸಾಲು ಸೇರಿಸಿ.

2025ರ ಜುಲೈ 4ರ ಬೆಳಗಿನ ಜಾವ ಗ್ವಾಡಲೂಪ್ ನದಿ ಉಕ್ಕಿ ಕೆರ್ ಕೌಂಟಿಯಲ್ಲಿ ಮಕ್ಕಳು ಸತ್ತರು. ಆ ತಿಂಗಳು ರಾಜಧಾನಿ ಆಸ್ಟಿನ್‌ನಲ್ಲಿ ರಾಜ್ಯದ ಶಾಸನಸಭೆಯ ವಿಶೇಷ ಅಧಿವೇಶನ ಕರೆದರು. ಕಾರ್ಯಸೂಚಿಯಲ್ಲಿ ನೆರೆ ಪರಿಹಾರವೂ ಇತ್ತು, ಕಾಂಗ್ರೆಸ್ ಕ್ಷೇತ್ರಗಳ ಹೊಸ ನಕ್ಷೆಯೂ ಇತ್ತು. ಆಮೇಲೆ ಊರೆಲ್ಲ ಮಾತಾಡಿದ್ದು ಯಾವುದರ ಬಗ್ಗೆ ಅಂತ ನಿಮಗೇ ಗೊತ್ತು. ನಾವು ಮನೆ ಬದಲಿಸಿಲ್ಲ. ಕ್ಷೇತ್ರದ ಗೆರೆ ಮಾತ್ರ ನಮ್ಮ ಸುತ್ತ ಓಡಾಡುತ್ತಾ ಇದೆ. ನೀರು ನಿಲ್ಲುವ ಗೆರೆ ಎಲ್ಲಿ ಅಂತ ಇಷ್ಟೇ ಕಾಳಜಿಯಿಂದ ಯಾರಾದರೂ ಎಳೆದಿದ್ದರೆ ನಾನು ಬೇರೆ ಕಡೆ ಮನೆ ಕೊಳ್ಳುತ್ತಿದ್ದೆ.

ಸುಮ್ನೆ ದೂರು ಹೇಳಿ ಹೋಗೋಕೆ ಬಂದಿಲ್ಲ. ಕೇಳೋದು ಕೆಲವು ಇದೆ.

ಬಾರ್ಕರ್ ಮತ್ತು ಪಕ್ಕದ ಆಡಿಕ್ಸ್ ಅಣೆಕಟ್ಟಿನ ಹಿಂದಿನ ಮನೆಗಳು ಮುಳುಗಿದ್ದಕ್ಕೆ ಸರ್ಕಾರವೇ ಹೊಣೆ ಅಂತ 2019ರ ಡಿಸೆಂಬರಿನಲ್ಲಿ ಕೇಂದ್ರದ ಕೋರ್ಟು ತೀರ್ಪು ಕೊಟ್ಟಿತು. ಅದೇ ವರ್ಷ ಟೆಕ್ಸಸ್ ಕಾನೂನು ಬದಲಾಯಿತು. ಈಗ ಮನೆ ಮಾರುವವರು, ಈ ಮನೆ ಜಲಾಶಯದ ಮುಳುಗಡೆ ಜಾಗದಲ್ಲಿ ಇದೆ ಅಂತ ಬರೆದು ಕೊಡಬೇಕು. ಒಳ್ಳೇದು. ನಾನು ಈ ಮನೆ ಮಾರೋ ದಿನ ಪ್ರಾಮಾಣಿಕವಾಗಿ ಟಿಕ್ ಹಾಕ್ತೀನಿ, ಆಗ ಯಾರು ಕೊಳ್ಳುತ್ತಾರೆ ಅನ್ನೋದು ಬೇರೆ ಮಾತು. ಆದರೆ ಮುಂದಿನ ಹಾರ್ವಿ ಬಂದರೆ ಈ ನೀರು ಎಲ್ಲಿಗೆ ಹೋಗುತ್ತದೆ? ಬಾಯೂ, ಅಂದರೆ ಇಲ್ಲಿನ ಹಳ್ಳ, ಅದನ್ನು ಅಗಲ ಮಾಡುವುದು, ಹೊಸ ಜಲಾಶಯ, ನೆಲದಡಿಯ ಸುರಂಗ, ಎಲ್ಲವೂ ವರದಿಗಳಲ್ಲಿ ಬಂದು ಹೋದವು. ಯಾವುದು ಆಗುತ್ತದೆ, ಯಾವುದು ಆಗೋದಿಲ್ಲ ಅಂತ ನಮ್ಮ ಬಡಾವಣೆಗೆ ಬಂದು ನೀವೇ ಹೇಳಿ. ಸೈನ್ಯದ ಎಂಜಿನಿಯರುಗಳನ್ನೂ ಕರೆದುಕೊಂಡು ಬನ್ನಿ. ಕುರ್ಚಿ, ಚಹಾ ನಮ್ಮದು.

ಗ್ಯಾಲ್ವೆಸ್ಟನ್ ಕಡೆ ಸಮುದ್ರಕ್ಕೆ ಕಟ್ಟೆ ಕಟ್ಟುವ ಯೋಜನೆ ಇದೆಯಲ್ಲ, ಐಕ್ ಡೈಕ್ ಅಂತ ಜನ ಕರೆಯುವುದು. 2008ರ ಐಕ್ ಚಂಡಮಾರುತ ಆದಮೇಲೆ ಹುಟ್ಟಿದ ಆಲೋಚನೆ. 2022ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಅದಕ್ಕೆ ಮಂಜೂರಾತಿ ಕೊಟ್ಟಿತು. ಆಗ ಅಂದಾಜು 3,400 ಕೋಟಿ ಡಾಲರ್, ಬೆಲೆ ಏರಿಕೆ ಸೇರಿಸಿದರೆ 5,700 ಕೋಟಿ. ಮಂಜೂರಾತಿ ಬೇರೆ, ದುಡ್ಡು ಬೇರೆ. 2024ರಲ್ಲಿ ಕೇಂದ್ರದಿಂದ ಅದಕ್ಕೆ ಬಂದಿದ್ದು 5 ಲಕ್ಷ ಡಾಲರ್. ಲಕ್ಷ, ಕೋಟಿ ಅಲ್ಲ. ಆ ದುಡ್ಡಿಗೆ ನಮ್ಮ ಬೀದಿಯಲ್ಲಿ ಒಂದು ಒಳ್ಳೆ ಮನೆ ಬರುತ್ತದೆ, ಮುಳುಗಿದ್ದಾದರೆ ಎರಡು. ಹಾರ್ವಿಯ ನಷ್ಟ 12,500 ಕೋಟಿ ಡಾಲರ್ ಅಂತ ಸರ್ಕಾರದ ಲೆಕ್ಕವೇ ಹೇಳುತ್ತದೆ. ನೀರು ಬಂದ ಮೇಲೆ ಕೊಡುವ ದುಡ್ಡಿಗೆ ಫೋಟೊ ಬರುತ್ತದೆ, ಬರದ ಹಾಗೆ ಮಾಡುವ ದುಡ್ಡಿಗೆ ಬರೋದಿಲ್ಲ. ಅದು ನಿಮ್ಮ ಕಷ್ಟ, ಗೊತ್ತು. ಆದರೂ ಕೇಳ್ತೀನಿ.

ಮತ್ತೆ, ಬೇರೆ ರಾಜ್ಯಕ್ಕೆ ನೀರು ಬಂದಾಗ ನಮಗೆ ಬಂದಾಗ ಹಾಕಿದ ವೋಟನ್ನೇ ಹಾಕಿ. ಮಸೂದೆಯಲ್ಲಿ ಸಂಬಂಧವಿಲ್ಲದ್ದು ಇದ್ದರೆ ಮೊದಲೇ ಎದ್ದು ನಿಂತು ತೆಗೆಸಿ, ತೆಗೆಯದಿದ್ದರೆ ಬೈಯಿರಿ, ಆದರೆ ನೆಂದವರನ್ನು ತಡೆಹಿಡಿಯಬೇಡಿ. ಅಮೆರಿಕದ್ದೇ ದ್ವೀಪವಾದ ಪೋರ್ಟೊರಿಕೋದವರ ಪ್ರತಿನಿಧಿಗೆ ನಿಮ್ಮ ಸಭೆಯಲ್ಲಿ ಮಸೂದೆಯ ಮೇಲೆ ಅಂತಿಮ ಮತವೇ ಇಲ್ಲ. 2017ರಲ್ಲಿ ಅಲ್ಲಿಗೆ ಬಂದ ಮರಿಯಾ ಚಂಡಮಾರುತದಲ್ಲಿ ಸತ್ತವರು 64 ಅಂತ ಮೊದಲು ಲೆಕ್ಕ ಕೊಟ್ಟರು, ವಿಶ್ವವಿದ್ಯಾಲಯದ ಅಧ್ಯಯನ ಆದಮೇಲೆ 2,975 ಅಂತ ಸರ್ಕಾರವೇ ಒಪ್ಪಿತು. ವೋಟಿಲ್ಲದವರ ಹೆಣ ಎಣಿಸೋಕೂ ಒಂದು ವರ್ಷ ಬೇಕಾಯಿತು. ಇದನ್ನು ಬರೆಯುವಾಗ ನನ್ನ ಮನೆಯ ಲೆಕ್ಕವೂ ಕಣ್ಣ ಮುಂದೆ ಬರುತ್ತದೆ, ಕ್ಷಮಿಸಿ.

ನಮ್ಮ ದೇಶದಲ್ಲೂ ಇದು ಹೊಸದಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಮುಧೋಳದ ಹತ್ತಿರ ನಮ್ಮ ಸೋದರಮಾವನ ಮನೆ ಬಿತ್ತು. ರಾಜ್ಯ ಹೇಳಿದ ನಷ್ಟ 35,000 ಕೋಟಿ ರೂಪಾಯಿಗೂ ಜಾಸ್ತಿ. ದಿಲ್ಲಿಯಿಂದ ಅಕ್ಟೋಬರಿನಲ್ಲಿ ಮೊದಲ ಕಂತಾಗಿ ಬಂದಿದ್ದು 1,200 ಕೋಟಿ. ಅಲ್ಲಿ ಮೇಲೂ ಕೆಳಗೂ ಒಂದೇ ಪಕ್ಷ ಇತ್ತು, ಆದರೂ! ಮಾವನ ಮನೆ ಎ ಪಟ್ಟಿಗೋ ಸಿ ಪಟ್ಟಿಗೋ ಅನ್ನೋದಕ್ಕೆ ಆರು ತಿಂಗಳು ಓಡಾಟ. ಪೂರ್ತಿ ಬಿದ್ದಿದೆ ಅಂದರೆ 5 ಲಕ್ಷ, ಸ್ವಲ್ಪ ಬಿದ್ದಿದೆ ಅಂದರೆ 50 ಸಾವಿರ. ಒಂದು ಗೋಡೆ ಇನ್ನೂ ನಿಂತಿತ್ತು. ಅದನ್ನು ನಾನೇ ಕೆಡವಿಬಿಡ್ಲೇನು ಅಂತ ಮಾವ ಫೋನಿನಲ್ಲಿ ಕೇಳಿದರು. ನನಗೆ ಆ ಕೇಸ್‌ವರ್ಕರ್ ಹುಡುಗಿ ನೆನಪಾದಳು. ಅಂಥ ಒಬ್ಬಳು ಮುಧೋಳದಲ್ಲಿ ಇದ್ದಿದ್ದರೆ ಅನ್ನಿಸಿತು.

ಅದಕ್ಕೇ ಕೊನೆಯ ಕೋರಿಕೆ, ನನ್ನ ಮಟ್ಟಿಗೆ ಇದೇ ದೊಡ್ಡದು. ಆ ಹುಡುಗಿ ಈಗ ಆ ಕೆಲಸದಲ್ಲಿ ಇಲ್ಲ. ಎರಡು ವರ್ಷ ಕಳೆಯೋದರೊಳಗೆ ಬಿಟ್ಟಳು, ಸಂಬಳ ಸಾಲಲಿಲ್ಲ ಅಂತ ಕೇಳಿದೆ. 2024ರ ಜುಲೈನಲ್ಲಿ ಬೆರಿಲ್ ಬಂದು ಹ್ಯೂಸ್ಟನ್ ಸುತ್ತ 20 ಲಕ್ಷಕ್ಕೂ ಜಾಸ್ತಿ ಮೀಟರುಗಳಿಗೆ ಕರೆಂಟು ಹೋದಾಗ ನಿಮ್ಮ ಸ್ಥಳೀಯ ಕಚೇರಿಗೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕೂ ಸಲ ಸಂದೇಶ ಬಿಡಿ ಅಂದಿತು. ಪಕ್ಕದ ಮನೆಯ ಅಜ್ಜಿ ಆಕ್ಸಿಜನ್ ಮಷೀನಿನ ಮೇಲೆ ಇದ್ದರು, ಅವರಿಗಾಗಿ ಮಾಡಿದ ಫೋನ್ ಅದು. ಅವರಿಗೆ ವೋಟಿದೆ, ಅದೂ ನಿಮಗೇ. ನಿಮಗೆ ಸಿಬ್ಬಂದಿಗೆ ಅಂತ ವರ್ಷಕ್ಕೆ ಭತ್ಯೆ ಬರುತ್ತದೆ. ಅದರಲ್ಲಿ ವಾಷಿಂಗ್ಟನ್ನಿಗೆ ಎಷ್ಟು, ಇಲ್ಲಿಗೆ ಎಷ್ಟು ಅಂತ ತೀರ್ಮಾನ ಮಾಡುವವರು ನೀವೇ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆ ಆರು ತಿಂಗಳಾದರೂ ಫೋನ್ ಎತ್ತುವ ಇಬ್ಬರನ್ನು ಜಾಸ್ತಿ ಇಡಿ. ಎಷ್ಟು ಅರ್ಜಿ ಬಂತು, ಎಷ್ಟು ಮುಗಿಯಿತು ಅಂತ ವರ್ಷಕ್ಕೊಂದು ಸಲ ಹೇಳಿ. ಮಗುವಿನ ಹೆಸರಲ್ಲಿ ಅರ್ಜಿ ಹಾಕಬಹುದು ಅನ್ನೋ ಒಂದು ಸಾಲನ್ನು ಕಚೇರಿಯ ಬಾಗಿಲಿಗೆ ಅಂಟಿಸಿ. ನಮ್ಮ ಬೀದಿಯಲ್ಲೇ ಇನ್ನೂ ಮೂರು ಮನೆಯವರಿಗೆ ಅದು ಗೊತ್ತಾಗದೆ ಗಡುವು ಮುಗಿದುಹೋಯಿತು. ಒಂದು ತೆಲುಗಿನವರ ಮನೆ, ಒಂದು ಮೆಕ್ಸಿಕೋದವರದು, ಒಂದು ನಮ್ಮವರದೇ.

ಮಗಳು ಈಗ ಮಿಡ್ಲ್ ಸ್ಕೂಲಿನಲ್ಲಿದ್ದಾಳೆ. ಸಿವಿಕ್ಸ್ ಪಾಠದಲ್ಲಿ ಕಾಂಗ್ರೆಸ್ ಬಗ್ಗೆ ಬಂದಾಗ, ನನಗೆ ಇವರ ಕಚೇರಿ ಗೊತ್ತು, ಅಲ್ಲಿ ನನ್ನ ಆಮೆ ಇದೆ ಅಂದಳಂತೆ. ಟೀಚರ್‌ಗೆ ಅರ್ಥವಾಗಲಿಲ್ಲ. ಅವಳಿಗೆ 2031ಕ್ಕೆ ಹದಿನೆಂಟು ತುಂಬುತ್ತದೆ. ನೀವು ಸಭೆ ಕರೆಯೋ ದಿನ ಹೇಳಿ. ನಾವು ಮೂವರೂ ಬರ್ತೀವಿ. ಹಳೇ ಫೈಲನ್ನೂ ತರ್ತೀನಿ, ಇನ್ನೂ ಸ್ವಲ್ಪ ನೀರಿನ ವಾಸನೆ ಇದೆ ಅದಕ್ಕೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ನಿವಾಸಿ,
ಕೇಟಿ, ಟೆಕ್ಸಸ್